ಪುಕ್ಕಟೆಯ ಶುಲ್ಕ

ಅವಳು ಹಲ್ಲು ಮಾಡುವವಳು. ದಂತವೈದ್ಯಳಲ್ಲ. ವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುವುದು ಅವಳ ಕೆಲಸ. ಬೀಗದ ಕೈ ಮಾಡುವ ಅಂಗಡಿಯ ಮೇಲಿನ ಮಹಡಿಯಲ್ಲಿ, ಮೆಟ್ಟಿಲ ಹಿಂದಿನ ಒಂದೂವರೆ ಕೋಣೆಯಲ್ಲಿ ಕೂತು ಇಪ್ಪತ್ತೊಂಬತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಳು. ಕಟ್ಟಡದವರೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಎದುರಿಗೆ ಗೌರವದಿಂದ, ಹಿಂದೆ ಸ್ವಲ್ಪ ಹೆದರಿಕೆಯಿಂದ.

ಈ ಕೆಲಸ ಅವಳಿಗೆ ಅನ್ನ ಕೊಟ್ಟಿತ್ತು. ಜೊತೆಗೆ ಮನುಷ್ಯಜಾತಿಯ ಮೇಲೆ ಗಟ್ಟಿಯಾದ ಒಂದು ತಾತ್ಸಾರವನ್ನೂ ಕೊಟ್ಟಿತ್ತು. ಗೋಡೆಯ ಗೂಡುಗಳಲ್ಲಿ ಚೀಟಿ ಅಂಟಿಸಿದ ಪ್ಲಾಸ್ಟರ್ ದವಡೆಗಳು ಬಾಯಿ ತೆರೆದುಕೊಂಡು ಸಾಲಾಗಿ ಕೂತಿರುತ್ತಿದ್ದವು. ಬೀದಿಯಲ್ಲಿ ಎದೆ ಸೆಟೆಸಿ ನಡೆಯುವವನ ದವಡೆಯಲ್ಲಿ ನೋಡಿದರೆ ನೆಟ್ಟಗೆ ಐದು ಹಲ್ಲಿಲ್ಲ. ಜೀವಮಾನವಿಡೀ ಹಲ್ಲುಜ್ಜಲು ಸೋಮಾರಿತನ ಮಾಡಿದವರು ಕೊನೆಗೆ ಹಾಲಿನಂಥ ಬಿಳಿಯೇ ಬೇಕೆಂದು ಹಟ ಹಿಡಿಯುತ್ತಿದ್ದರು. ಅವಳು ಮಾಡಿದ ಸೆಟ್ಟನ್ನು ರೋಗಿಯ ಬಾಯಿಗೆ ಇಟ್ಟು ವೈದ್ಯರು ‘ನಾನು ಮಾಡಿದ್ದು ಹೇಗಿದೆ’ ಎಂದು ಕನ್ನಡಿ ಹಿಡಿಯುತ್ತಿದ್ದರು. ಇದನ್ನೆಲ್ಲ ಕಂಡು ಕಂಡು ಅವಳಿಗೆ ಯಾರು ಹಲ್ಲು ಬಿಟ್ಟರೂ ಮೊದಲು ಅನುಮಾನ ಬರುತ್ತಿತ್ತು, ಆಮೇಲೆ ಅಸಹ್ಯ. ಅದರಲ್ಲೂ ‘ಪುಕ್ಕಟೆ’ ಎಂಬ ಮಾತು ಯಾವ ಬಾಯಿಂದ ಬಂದರೂ ಆ ಬಾಯೊಳಗೆ ಏನೋ ಕೊಳೆತಿದೆ ಎಂದೇ ಅವಳ ನಂಬಿಕೆ.

ಕಟ್ಟಿಕೊಂಡ ಗಂಡನನ್ನೂ ಅವಳು ಈ ತಕ್ಕಡಿಯಿಂದ ಹೊರಗೆ ಇಟ್ಟಿರಲಿಲ್ಲ. ಯಜಮಾನರು ವಿಮಾನ ನಿಲ್ದಾಣದಲ್ಲಿ ಮೆಕ್ಯಾನಿಕ್ ಆಗಿದ್ದವರು. ವಿಮಾನದ ಮೆಕ್ಯಾನಿಕ್ ಅಲ್ಲ, ಸಾಮಾನಿನ ಬೆಲ್ಟಿನ ಮೆಕ್ಯಾನಿಕ್. ಪ್ರಯಾಣಿಕರು ಕೊಟ್ಟ ಪೆಟ್ಟಿಗೆಗಳು ರಬ್ಬರ್ ಪರದೆಯ ಹಿಂದೆ ಮಾಯವಾಗುತ್ತವಲ್ಲ, ಆ ಪರದೆಯ ಆಚೆ, ನೆಲದ ಕೆಳಗೆ, ಎಣ್ಣೆ ಮೆತ್ತಿದ ನೀಲಿ ಅಂಗಿಯಲ್ಲಿ ಮೂವತ್ತೊಂದು ವರ್ಷ ಕಳೆದವರು. ಅಷ್ಟು ವರ್ಷದಲ್ಲಿ ಒಂದು ಸಲವೂ ವಿಮಾನ ಹತ್ತಿದವರಲ್ಲ. ಯಾರ ಮೇಲೂ ದನಿ ಎತ್ತಿದವರಲ್ಲ. ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟರೆ ಇರಲಿ ಬಿಡು ಎನ್ನುವವರು. ನೆಂಟರಿಷ್ಟರು ಅವರನ್ನು ಸಾಧು ಎಂದರೆ ಅವಳಿಗೆ ಮೈ ಉರಿಯುತ್ತಿತ್ತು. ಬೆನ್ನುಮೂಳೆ ಇಲ್ಲದ್ದಕ್ಕೆ ಜನ ಇಟ್ಟ ಮುದ್ದಿನ ಹೆಸರು ಅದು ಎಂದು ಅವಳ ತೀರ್ಮಾನ.

ನಿವೃತ್ತಿಯಾಗಿ ವರ್ಷವಾದ ಮೇಲೆ ಒಂದು ಮಧ್ಯಾಹ್ನ ಯಜಮಾನರು ಕುಕ್ಕರಿನ ರಬ್ಬರ್ ತರಲೆಂದು ದೊಡ್ಡ ಮಾಲ್‌ಗೆ ಹೋದರು. ರಬ್ಬರ್ ಸಿಗಲಿಲ್ಲ. ಬದಲಿಗೆ ಕ್ರೆಡಿಟ್ ಕಾರ್ಡಿನ ಅರ್ಜಿಗೆ ಸಹಿ ಹಾಕಿ ಬಂದರು. ಎಸ್ಕಲೇಟರಿನ ಬುಡದಲ್ಲಿ ಮೇಜು ಹಾಕಿಕೊಂಡು ನಿಂತಿದ್ದ ಟೈ ಕಟ್ಟಿದ ಹುಡುಗ ಅವರನ್ನು ‘ಸರ್’ ಎಂದು ಕರೆದನಂತೆ, ಕುರ್ಚಿ ಎಳೆದು ಕೂರಿಸಿದನಂತೆ, ತಣ್ಣನೆಯ ನೀರು ಕೊಟ್ಟನಂತೆ. ಕಾರ್ಡು ಮೊದಲ ವರ್ಷ ಪೂರ್ತಿ ಪುಕ್ಕಟೆಯಂತೆ. ಕೊಂಡದ್ದಕ್ಕೆಲ್ಲ ಪಾಯಿಂಟ್ ಬರುತ್ತದಂತೆ. ವಿಮಾನ ನಿಲ್ದಾಣದ ಲೌಂಜಿನಲ್ಲಿ ವರ್ಷಕ್ಕೆ ನಾಲ್ಕು ಸಲ ಕೂತು ತಿಂದು ಕುಡಿದು ಬರಬಹುದಂತೆ. ಯಜಮಾನರು ಇದನ್ನು ಹೇಳುವಾಗ ಬಚ್ಚಲ ಹತ್ತಿರ ಕಾಲು ತೊಳೆಯುತ್ತಿದ್ದರು. ಬಗ್ಗಿದ ಕುತ್ತಿಗೆ ಕೂಡ ಉಬ್ಬಿದ ಹಾಗೆ ಅವಳಿಗೆ ಕಂಡಿತು.

ಕಾರ್ಡು ಬಂದಿದ್ದು ಕಪ್ಪು ಡಬ್ಬಿಯಲ್ಲಿ, ಒಳಗೆ ಮಖಮಲ್ಲಿನ ಹಾಸು. ಇಷ್ಟು ಚೆಂದದ ಡಬ್ಬಿಯಲ್ಲಿ ತಾನು ಚಿನ್ನದ ಹಲ್ಲನ್ನೂ ಕಳಿಸಿಲ್ಲ ಎಂದು ಅವಳು ಹೇಳಿದಳು. ಜೊತೆಗೆ ಬಂದಿದ್ದ ಮೂವತ್ತಾರು ಪುಟದ ಕಿರುಪುಸ್ತಕವನ್ನು ಯಜಮಾನರು ಬಿಚ್ಚಿಯೂ ನೋಡದೆ ಟೆಲಿಫೋನ್ ಬಿಲ್ಲುಗಳ ಕೆಳಗಿಟ್ಟರು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಪಾಯಿಂಟಿನ ಕಾಲ ಶುರುವಾಯಿತು. ಗಾಡಿಯವನ ಹತ್ತಿರ ತರಕಾರಿ ಕೊಳ್ಳುವುದು ನಿಂತಿತು, ಗಾಡಿಯವನು ಕಾರ್ಡು ತೆಗೆದುಕೊಳ್ಳುವುದಿಲ್ಲವಲ್ಲ. ಯಜಮಾನರು ಎರಡು ಬಸ್ಸು ಬದಲಿಸಿ ದೊಡ್ಡ ಅಂಗಡಿಗೆ ಹೋಗಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಾಡಿದ ಬೀನ್ಸನ್ನು ಒಂದಕ್ಕೆ ಒಂದೂವರೆ ಕೊಟ್ಟು ತರುತ್ತಿದ್ದರು. ಪಕ್ಕದ ಮನೆಯವರ ಕರೆಂಟ್ ಬಿಲ್ಲು, ಹಳೆಯ ಸಹೋದ್ಯೋಗಿಯ ವಿಮೆಯ ಕಂತು, ಸ್ನೇಹಿತನ ಸ್ಕೂಟರಿಗೆ ಪೆಟ್ರೋಲು, ಎಲ್ಲ ಇವರ ಕಾರ್ಡಿನಲ್ಲಿ. ಅವರೆಲ್ಲ ನಗದು ಕೊಡುತ್ತಿದ್ದರು. ಇವರು ಅದನ್ನು ಬ್ಯಾಂಕಿಗೆ ಹಾಕಿ ಗಡುವಿಗೆ ನಾಲ್ಕು ದಿನ ಮೊದಲೇ ಕಾರ್ಡಿನ ಬಾಕಿ ಕಟ್ಟುತ್ತಿದ್ದರು. ಒಂದು ಕಾಸಿನ ಸಾಲ ಮಾಡಲಿಲ್ಲ, ಆ ಮಟ್ಟಿಗೆ ಅವಳೂ ಒಪ್ಪುತ್ತಿದ್ದಳು. ಆದರೆ ಸಂಜೆ ಫೋನು ತೆರೆದು, ಕನ್ನಡಕ ಹಣೆಗೇರಿಸಿ, ‘ಇವತ್ತು ನಲವತ್ತೆರಡು ಬಂತು ನೋಡು’ ಎಂದು ತೋರಿಸುವಾಗ ಅವಳ ಸಹನೆ ಕೆಡುತ್ತಿತ್ತು.

“ಪಾಯಿಂಟ್ ಕುದಿಸಿದ್ರೆ ಹೊಟ್ಟೆ ತುಂಬುತ್ತಾ?” ಎಂದು ಕೇಳುತ್ತಿದ್ದಳು.

ಯಜಮಾನರು ನಗುತ್ತಿದ್ದರು. ಆ ನಗುವಿಗೂ ಅವಳ ಹತ್ತಿರ ಒಂದು ಮಾತಿರುತ್ತಿತ್ತು.

ಹೀಗೆ ವರ್ಷ ತುಂಬುತ್ತ ಬಂತು. ಇನ್ನು ಇಪ್ಪತ್ತಮೂರು ದಿನ ಇದೆ ಎನ್ನುವಾಗ ಫೋನಿಗೆ ಒಂದು ಸಂದೇಶ ಬಂತು. ಕಾರ್ಡಿನ ವಾರ್ಷಿಕ ಶುಲ್ಕ ಐದು ಸಾವಿರ. ತೆರಿಗೆ ಸೇರಿ ಐದು ಸಾವಿರದ ಒಂಬೈನೂರು. ಆದರೆ ವರ್ಷದೊಳಗೆ ಮೂರು ಲಕ್ಷ ಖರ್ಚು ಮಾಡಿದವರಿಗೆ ಶುಲ್ಕ ಮಾಫಿ. ಯಜಮಾನರು ಲೆಕ್ಕ ನೋಡಿದರು. ಎರಡು ಲಕ್ಷದ ನಲವತ್ತು ಸಾವಿರ ಆಗಿತ್ತು. ಇನ್ನು ಅರವತ್ತು ತಾನೇ, ಆಗುತ್ತೆ ಬಿಡು ಎಂದರು. ಅರವತ್ತು ಸಾವಿರವನ್ನು ‘ಅರವತ್ತು ತಾನೇ’ ಎಂದ ಆ ಬಾಯನ್ನು ಅವಳು ಒಂದು ಗಳಿಗೆ ನೋಡಿದಳು. ಆರು ಸಾವಿರ ಉಳಿಸಲು ಅರವತ್ತು ಸಾವಿರ ಖರ್ಚು ಮಾಡುವ ಜಾಣತನಕ್ಕೆ ಏನೆನ್ನಬೇಕು? ಮೂಗಿಗಿಂತ ಮೂಗುತಿ ಭಾರ ಎನ್ನೋಣವೆಂದರೆ ಇಲ್ಲಿ ಮೂಗೇ ಇರಲಿಲ್ಲ.

ಮೊದಲ ವಾರ ನಾದಿನಿಯ ಮನೆಗೆ ಫ್ರಿಜ್ ಬಂತು. ಯಜಮಾನರು ತಂಗಿಯ ಕೈಕಾಲು ಹಿಡಿದು, ಇದ್ದ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ ಎಂದು ಅವಳಿಗೇ ಮನದಟ್ಟು ಮಾಡಿ, ತಮ್ಮ ಕಾರ್ಡಿನಲ್ಲಿ ಇಪ್ಪತ್ತೆಂಟು ಸಾವಿರದ್ದು ಕೊಡಿಸಿದರು. ನಾದಿನಿ ಇಪ್ಪತ್ತೇಳೂವರೆ ಎಣಿಸಿ ಕೊಟ್ಟು, ಮಿಕ್ಕ ಐನೂರು ಆಮೇಲೆ ಕೊಡುತ್ತೇನೆ ಅಣ್ಣ ಎಂದಳು. ಆ ‘ಆಮೇಲೆ’ ಯಾವ ಕ್ಯಾಲೆಂಡರಿನಲ್ಲೂ ಇಲ್ಲವೆಂದು ಅಣ್ಣನಿಗೆ ಗೊತ್ತಿರಲಿಲ್ಲ, ಅತ್ತಿಗೆಗೆ ಗೊತ್ತಿತ್ತು. ಇನ್ನೂ ಮೂವತ್ತೆರಡು ಸಾವಿರ ಬಾಕಿ ಉಳಿಯಿತು. ಅದಾದ ಮೇಲೆ ಯಜಮಾನರು ದಿನಾ ಊಟ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ಸ್ವಲ್ಪ ತಿರುಗಾಡಿ ಬರುತ್ತೇನೆ ಎಂದು ಹೊರಡತೊಡಗಿದರು. ಅವಳು ಎಲ್ಲಿಗೆ ಎಂದು ಕೇಳಲಿಲ್ಲ. ಮನೆಯಲ್ಲಿ ಇಲ್ಲದಿದ್ದರೆ ಫೋನು ತೋರಿಸುವ ಕಾಟವಾದರೂ ತಪ್ಪಿತು ಎಂದುಕೊಂಡಳು.

ಎಲ್ಲಿಗೆ ಎನ್ನುವುದು ಅವಳಿಗೆ ಗೊತ್ತಾಗಿದ್ದು ದಂತವೈದ್ಯರಿಂದ. ಅವಳಿಗೆ ಹೆಚ್ಚು ಕೆಲಸ ಕೊಡುವ ವೈದ್ಯರು ಅವರು. ವಯಸ್ಸಿನಲ್ಲಿ ಅವಳಿಗಿಂತ ಹದಿನೈದು ವರ್ಷ ಚಿಕ್ಕವರು, ಸ್ವಂತ ಹಲ್ಲುಗಳೇ ಸ್ವಲ್ಪ ಸೊಟ್ಟ. ಒಂದು ಮೇಲಿನ ಸೆಟ್ಟು ಕೊಡಲು ಹೋದಾಗ ಅವರು ಕೈಗವಸು ಕಳಚುತ್ತ ನಗತೊಡಗಿದರು. ಹಿಂದಿನ ದಿನ ಬಟ್ಟೆ ಒಗೆಯುವ ಯಂತ್ರ ಕೊಳ್ಳಲು ಹೋಗಿದ್ದರಂತೆ. ಬಿಲ್ಲು ಮಾಡುವ ಜಾಗದಲ್ಲಿ ವಯಸ್ಸಾದವರೊಬ್ಬರು ಹತ್ತಿರ ಬಂದು, ನಿಮ್ಮ ದುಡ್ಡು ನನಗೆ ಕೊಡಿ, ನಿಮ್ಮ ಬಿಲ್ಲು ನನ್ನ ಕಾರ್ಡಲ್ಲಿ ಕಟ್ಟುತ್ತೇನೆ ಎಂದರಂತೆ.

“ನಾನು ಯಾರೋ ಮೋಸಗಾರ ಅಂದ್ಕೊಂಡೆ ಅಕ್ಕ. ಆಮೇಲೆ ಮುಖ ನೋಡಿದ್ರೆ ಎಲ್ಲೋ ನೋಡಿದ ಹಾಗಿದೆ. ನಿಮ್ಮ ಯಜಮಾನ್ರಲ್ವಾ ಅವ್ರು?”

ಅಲ್ಲ ಎಂದುಬಿಡಬಹುದಿತ್ತು. ಅವಳು ಸೆಟ್ಟಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ನಮ್ಮ ಯಜಮಾನರೇ ಎಂದಳು. ನೀವು ಕೊಟ್ಟಿರಾ ಎಂದು ಕೇಳಿದಳು. ಹೇಗೆ ಕೊಡೋದು, ನನಗೂ ಪಾಯಿಂಟ್ ಬರುತ್ತಲ್ಲ ಎಂದು ವೈದ್ಯರು ಇನ್ನೊಮ್ಮೆ ನಕ್ಕರು. ಆ ಸೊಟ್ಟ ಹಲ್ಲುಗಳನ್ನು ನೋಡುತ್ತ ಅವಳಿಗೆ, ಓದಿದ ಮೂರ್ಖರಿಗೂ ಓದದ ಮೂರ್ಖರಿಗೂ ಇರುವ ವ್ಯತ್ಯಾಸ ಕಾರ್ಡಿನ ಬಣ್ಣದಲ್ಲಿ ಮಾತ್ರ ಎನಿಸಿತು. ಮೂರು ಸೆಟ್ಟಿನ ಮಜೂರಿಯನ್ನು ನಗದಾಗಿ ಎಣಿಸಿಕೊಂಡು ಚೀಲಕ್ಕೆ ಹಾಕಿದಳು. ಮನೆಗೆ ಹೋಗುವ ಬಸ್ಸು ಬಿಟ್ಟು ಎದುರು ದಿಕ್ಕಿನ ಬಸ್ಸು ಹತ್ತಿದಳು.

ವೈದ್ಯರು ಹೇಳಿದ್ದು ಮೂರಂತಸ್ತಿನ ಅಂಗಡಿ. ನೆಲದ ಮಹಡಿಯಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಎರಡು ಸಾಲಾಗಿ ನಿಂತಿದ್ದವು. ಅವಳು ಒಂದು ಎತ್ತರದ ಫ್ರಿಜ್ಜಿನ ಮರೆಗೆ ನಿಂತು ನೋಡಿದಳು. ಬಿಲ್ಲಿನ ಸಾಲಿನ ಪಕ್ಕ, ಕಂಬಕ್ಕೆ ಒರಗದೆ, ಕೈ ಮುಂದೆ ಕಟ್ಟಿಕೊಂಡು ಯಜಮಾನರು ನಿಂತಿದ್ದರು. ನಿವೃತ್ತಿಯ ದಿನ ಕೊಟ್ಟ ಪೆನ್ನು ಜೇಬಿನಲ್ಲಿತ್ತು. ಯಾರಾದರೂ ಟ್ರಾಲಿ ತಳ್ಳಿಕೊಂಡು ಬಂದರೆ ಎರಡು ಹೆಜ್ಜೆ ಮುಂದೆ ಹೋಗಿ, ಸ್ವಲ್ಪ ಬಗ್ಗಿ, ಏನೋ ಹೇಳುತ್ತಿದ್ದರು. ಒಬ್ಬ ಹೆಂಗಸು ಚೀಲವನ್ನು ಎದೆಗೆ ಅವಚಿಕೊಂಡು ದೂರ ಸರಿದಳು. ಒಬ್ಬ ಗಂಡಸು ಫೋನಿನಲ್ಲಿ ಮಾತಾಡುತ್ತಲೇ, ನೊಣ ಓಡಿಸಿದ ಹಾಗೆ ಕೈ ಬೀಸಿದ. ಯಜಮಾನರು ಮತ್ತೆ ಎರಡು ಹೆಜ್ಜೆ ಹಿಂದೆ ಬಂದು ಅದೇ ಜಾಗದಲ್ಲಿ ಅದೇ ಥರ ನಿಂತರು. ಅವರಿಗೆ ಬೇಸರವಾದ ಹಾಗೂ ಕಾಣಲಿಲ್ಲ. ಬೆಲ್ಟು ತಿರುಗುವುದನ್ನು ಕಾಯುತ್ತ ನಿಲ್ಲುವುದು ಅವರಿಗೆ ರೂಢಿ.

ಅವಳ ಬಾಯಲ್ಲಿ ಮಾತುಗಳು ಸಾಣೆ ಹಿಡಿದು ಸಿದ್ಧವಾಗಿದ್ದವು. ಹೋಗಿ ನಾಲ್ಕು ಜನರ ಎದುರೇ ಕೇಳಿಬಿಡಬೇಕು ಎಂದು ಒಂದು ಹೆಜ್ಜೆ ಇಟ್ಟಿದ್ದಳು. ಅಷ್ಟರಲ್ಲಿ ಬಾಗಿಲ ಕಾವಲಿನವನು ಬಂದ. ಇಪ್ಪತ್ತೈದು ದಾಟದ ಹುಡುಗ, ದೊಗಲೆ ಯೂನಿಫಾರ್ಮು.

“ತಾತ, ಇಲ್ಲಿ ಹೀಗೆ ನಿಲ್ಲೋ ಹಾಗಿಲ್ಲ. ಜನ ಕಂಪ್ಲೇಂಟ್ ಮಾಡ್ತಿದ್ದಾರೆ. ಆಚೆ ನಡೀರಿ” ಎಂದು ಅವರ ಮೊಳಕೈ ಹಿಡಿದ.

ಯಜಮಾನರು ಕೈ ಬಿಡಿಸಿಕೊಳ್ಳಲಿಲ್ಲ. ಹೋಗುತ್ತೇನೆ, ಹೋಗುತ್ತೇನೆ ಎಂದು ತಲೆಯಾಡಿಸಿದರು. ಅದನ್ನು ಕಂಡು ಅವಳಿಗೆ ಏನಾಯಿತೋ, ಸಿದ್ಧ ಮಾಡಿಕೊಂಡಿದ್ದ ಮಾತೆಲ್ಲ ಬದಿಗೆ ಸರಿದು ಬೇರೆಯದೇ ಒಂದು ಮಾತು ಹೊರಬಂತು. ಫ್ರಿಜ್ಜಿನ ಮರೆಯಿಂದ ನೇರವಾಗಿ ನಡೆದು ಬಂದು, “ಕೈ ಬಿಡಪ್ಪ. ಇವ್ರು ನಮ್ಮ ಯಜಮಾನ್ರು. ಫ್ಯಾನ್ ನೋಡೋಕೆ ಬಂದಿದ್ದೀವಿ. ಯಾವ ಕಡೆ ಇದೆ?” ಎಂದಳು.

ಕಾವಲಿನವನು ಅವಳನ್ನೂ ಅವರನ್ನೂ ನೋಡಿ, ಎಡಗಡೆ ಎಂದು ತೋರಿಸಿ ಸರಿದ. ಮನೆಯಲ್ಲಿ ಎರಡು ಫ್ಯಾನುಗಳಿದ್ದವು, ಎರಡೂ ಚೆನ್ನಾಗಿದ್ದವು. ಅವಳು ಎರಡು ಸಾವಿರದ ಮುನ್ನೂರರ ಮೇಜಿನ ಫ್ಯಾನೊಂದನ್ನು ಆರಿಸಿದಳು. ಬಿಲ್ಲಿನ ಹುಡುಗಿಯ ಎದುರು ಯಜಮಾನರು ಅವಳ ಕಿವಿಯ ಹತ್ತಿರ ಬಂದು, ಇದನ್ನಾದರೂ ಕಾರ್ಡಲ್ಲಿ ಕೊಡೋಣವೇ ಎಂದು ಪಿಸುಗುಟ್ಟಿದರು. ಅವಳು ಹಲ್ಲಿನ ದುಡ್ಡನ್ನು ಚೀಲದಿಂದ ತೆಗೆದು, ಒಂದೊಂದೇ ನೋಟನ್ನು ಅವರಿಗೆ ಕಾಣುವ ಹಾಗೆ ಎಣಿಸಿ ಕೊಟ್ಟಳು. ಅದು ಬೇಕೆಂದೇ ಮಾಡಿದ್ದು. ದಾರಿಯುದ್ದಕ್ಕೂ ಯಜಮಾನರು ಫ್ಯಾನಿನ ಪೆಟ್ಟಿಗೆ ಹೊತ್ತುಕೊಂಡು ಹಿಂದೆ ನಡೆದರು. ಬೈಗುಳವೇನೂ ಬರಲಿಲ್ಲವೆಂದು ಅವರಿಗೆ ಒಳಗೊಳಗೇ ದಿಗಿಲು.

ಮರುದಿನ ಭಾನುವಾರ. ಬೆಳಗಿನ ಕಾಫಿಯಾದ ಮೇಲೆ ಅವಳು ಬಿಲ್ಲುಗಳ ಕೆಳಗಿದ್ದ ಕಿರುಪುಸ್ತಕ ಎಳೆದು ತಂದಳು. ಕೆಲಸದ ಕನ್ನಡಕ ಹಾಕಿಕೊಂಡಳು. ಕೋರೆಹಲ್ಲಿನ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ತೋರಿಸುವ ದಪ್ಪ ಗಾಜು ಅದು. ಯಜಮಾನರನ್ನು ಎದುರಿಗೆ ಕೂರಿಸಿ, ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ ಎಂದು ಆಡಿಕೊಳ್ಳುತ್ತಾರಲ್ಲ, ಅವಳೇ ಜಾಣೆ, ನಾನೂ ಮೊಳ ಹಾಕುತ್ತೇನೆ ಎಂದು ಪುಟ ತಿರುವತೊಡಗಿದಳು.

ಎರಡು ಗಂಟೆ ಹಿಡಿಯಿತು. ಮೊದಲ ಆರು ಪುಟ ದಪ್ಪಕ್ಷರ: ಕೊಡುವುದೆಲ್ಲ ಅಲ್ಲಿತ್ತು. ಮಿಕ್ಕ ಮೂವತ್ತು ಪುಟ ಇರುವೆ ಸಾಲಿನಂಥ ಅಕ್ಷರ: ಕಿತ್ತುಕೊಳ್ಳುವುದೆಲ್ಲ ಇಲ್ಲಿತ್ತು. ಹಲ್ಲಿನ ಚೀಟಿಯ ಹಿಂದೆ ಅವಳು ಒಂದೊಂದೇ ಬರೆದುಕೊಂಡಳು. ನೂರಕ್ಕೆ ಎರಡು ಪಾಯಿಂಟು. ಪೆಟ್ರೋಲು, ವಿಮೆ, ಕರೆಂಟಿಗೆ ಪಾಯಿಂಟಿಲ್ಲ. ಈ ಮೂರರಲ್ಲೇ ಯಜಮಾನರು ಅರವತ್ತೆಂಟು ಸಾವಿರ ಉಜ್ಜಿದ್ದರು. ಉಳಿದ ಎರಡು ಲಕ್ಷಕ್ಕೆ ನಾಲ್ಕು ಸಾವಿರ ಪಾಯಿಂಟು. ಒಂದು ಪಾಯಿಂಟಿಗೆ ಬೆಲೆ ಕಾಲು ರೂಪಾಯಿ. ಅಂದರೆ ವರ್ಷವಿಡೀ ಎರಡು ಬಸ್ಸು ಬದಲಿಸಿ ತಂದ ಬಾಡಿದ ಬೀನ್ಸಿಗೆಲ್ಲ ಸೇರಿ ಕೈಗೆ ಬರುವುದು ಒಂದು ಸಾವಿರ.

“ಸಾವಿರಾನಾ?” ಎಂದರು ಯಜಮಾನರು.

ಸಾವಿರವೂ ನಗದಲ್ಲ, ಅವರು ತೋರಿಸಿದ ಸಾಮಾನು ಎಂದು ಅವಳು ತಿದ್ದಿದಳು. ಆ ಸಾವಿರಕ್ಕೆ ಶುಲ್ಕ ಐದು ಸಾವಿರದ ಒಂಬೈನೂರು. ನಂತರ ಇಪ್ಪತ್ತೇಳನೇ ಪುಟದ ಅಡಿಯಲ್ಲಿ ಉಗುರಿಟ್ಟು ತೋರಿಸಿದಳು. ಪಾಯಿಂಟ್ ಬಾರದ ಯಾವ ಖರ್ಚೂ ಆ ಮೂರು ಲಕ್ಷದ ಲೆಕ್ಕಕ್ಕೂ ಬಾರದು. ಅಂದರೆ ಬಾಕಿ ಇದ್ದದ್ದು ಮೂವತ್ತೆರಡು ಸಾವಿರವಲ್ಲ, ಪೂರ್ತಿ ಒಂದು ಲಕ್ಷ. ಒಂದು ವಾರ ಕಂಬದ ಪಕ್ಕ ನಿಂತು ಊರವರ ಬಿಲ್ಲನ್ನೆಲ್ಲ ಕಟ್ಟಿದ್ದರೂ ಶುಲ್ಕ ತಪ್ಪುತ್ತಿರಲಿಲ್ಲ.

ಯಜಮಾನರು ಉಗುರಿದ್ದ ಸಾಲನ್ನು ತಾವೂ ಓದಿದರು. ಆಮೇಲೆ, ಸೋತವನು ಇಸ್ಪೀಟಿನ ಕೊನೆಯ ಎಲೆ ಇಳಿಸಿದ ಹಾಗೆ, ಲೌಂಜ್ ಇದೆಯಲ್ಲ ಎಂದರು. ಒಂದು ಸಲಕ್ಕೆ ಎರಡು ಸಾವಿರದ ಬೆಲೆಯಂತೆ; ನಾಲ್ಕು ಸಲಕ್ಕೆ ಎಂಟು ಸಾವಿರ ಆಯಿತಲ್ಲ.

“ವಿಮಾನ ಯಾವಾಗ ಹತ್ತಿದ್ವಿ ನಾವು? ಟಿಕೆಟ್ ಇಲ್ದೆ ನಿಮ್ಮನ್ನ ಗೇಟ್ ಒಳಗೂ ಬಿಡಲ್ಲ ಈಗ.”

“ಗೊತ್ತು.”

“ಗೊತ್ತಿದ್ದೂ ಸಹಿ ಹಾಕಿದ್ರಾ?”

ಯಜಮಾನರು ಲೋಟದ ಅಂಚನ್ನು ಬೆರಳಿಂದ ಸವರುತ್ತ ಒಂದು ಸಂಗತಿ ಹೇಳಿದರು. ಕೆಲಸಕ್ಕೆ ಸೇರಿ ಆರೇಳು ವರ್ಷವಾಗಿದ್ದಾಗ ಲೌಂಜಿನ ಗೋಡೆಯ ಹಿಂದಿನ ಮೋಟಾರು ಕೆಟ್ಟಿತ್ತಂತೆ. ರಿಪೇರಿಗೆ ಲೌಂಜಿನೊಳಗಿಂದಲೇ ದಾರಿ. ನಾಲ್ಕು ಗಂಟೆ ಆ ಸಂದಿಯಲ್ಲಿ ಮಲಗಿ ಕೆಲಸ ಮಾಡಿ, ಬೆವರು ಸುರಿಸಿಕೊಂಡು ಹೊರಗೆ ಬಂದು ಕುಡಿಯಲು ನೀರು ಕೇಳಿದರಂತೆ. ಅಲ್ಲಿದ್ದವನು ಗಾಜಿನ ಲೋಟದಲ್ಲಿ ಐಸು ಹಾಕಿಯೇ ಕೊಟ್ಟನಂತೆ. ಕೊಟ್ಟು, ಇಲ್ಲಿ ಬೇಡ, ಬಾಗಿಲಾಚೆ ನಿಂತು ಕುಡಿದು ಲೋಟ ವಾಪಸು ಕೊಡು ಎಂದನಂತೆ. ಇವರು ಹಾಗೇ ಮಾಡಿದರು. ಅದರಲ್ಲಿ ಬೇಜಾರೇನೂ ಇಲ್ಲ, ಅಂಗಿ ಎಣ್ಣೆಯಾಗಿತ್ತಲ್ಲ ಎಂದರು. ಮಾಲಿನ ಹುಡುಗ ಲೌಂಜ್ ಎಂದಾಗ ಅದೇ ನೆನಪಾಯಿತು. ಮಿಕ್ಕಿದ್ದು ಅವನು ಏನೇನು ಹೇಳಿದನೋ ಕಿವಿಗೇ ಬೀಳಲಿಲ್ಲ.

ಮೂವತ್ತು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದರೂ ಈ ಮಾತು ಅವಳು ಕೇಳಿರಲಿಲ್ಲ. ಆದರೂ ಅವಳಿಗೆ ಗೊತ್ತಿದ್ದ ದಾರಿಯೇ ಕಂಡಿತು. “ಆ ಕುರ್ಚಿಯಲ್ಲಿ ಕೂರೋರೆಲ್ಲ ಯಾರು ಅಂದ್ಕೊಂಡ್ರಿ? ಅವ್ರ ದವಡೆಗಳು ನನ್ನ ಗೂಡಲ್ಲಿವೆ, ಬಂದು ನೋಡಿ” ಎಂದಳು. ಹೇಳಿದ್ದು ಸಮಾಧಾನಕ್ಕೇ. ಹೊರಗೆ ಬಂದಾಗ ಮಾತ್ರ ಅದು ಸಮಾಧಾನದ ಹಾಗೆ ಕೇಳಲಿಲ್ಲ.

ಫೋನು ಹಚ್ಚಿದ್ದು ಅವಳೇ. ಕಾರ್ಡು ಬಂದ್ ಮಾಡಿಸಿ ಈ ದರಿದ್ರವನ್ನು ಮನೆಯಿಂದ ಆಚೆ ಹಾಕುವುದೆಂದು ತೀರ್ಮಾನವಾಗಿತ್ತು. ಒಂದನ್ನು ಒತ್ತಿ, ನಾಲ್ಕನ್ನು ಒತ್ತಿ ಎನ್ನುತ್ತ ಯಂತ್ರ ಹನ್ನೆರಡು ನಿಮಿಷ ಆಡಿಸಿತು. ನಡುವೆ ಒಂದೇ ರಾಗ ಏಳು ಸಲ ಬಂತು. ಕೊನೆಗೆ ಒಬ್ಬ ಹುಡುಗಿ ಸಿಕ್ಕಳು. ಕಾರ್ಡು ಯಾರ ಹೆಸರಲ್ಲಿದೆಯೋ ಅವರೇ ಮಾತಾಡಬೇಕು ಎಂದಳು. ಹಲ್ಲಕ್ಕ ಫೋನನ್ನು ಇಬ್ಬರಿಗೂ ಕೇಳುವ ಹಾಗೆ ಮೇಜಿನ ನಡುವೆ ಇಟ್ಟು, ಹೇಳಿ ಎಂದು ಗಂಡನಿಗೆ ಗದ್ದ ಎತ್ತಿ ಸನ್ನೆ ಮಾಡಿದಳು.

ಯಜಮಾನರು ಗಂಟಲು ಸರಿಮಾಡಿಕೊಂಡು, ಕಾರ್ಡ್ ಬಂದ್ ಮಾಡಬೇಕಮ್ಮ, ಶುಲ್ಕ ಜಾಸ್ತಿಯಾಯಿತು ಎಂದರು. ಹುಡುಗಿ ಒಂದು ನಿಮಿಷ ಎಂದಳು. ನಿಮ್ಮಂಥ ಗ್ರಾಹಕರನ್ನು ಕಳೆದುಕೊಳ್ಳಲು ನಮಗೆ ಇಷ್ಟವಿಲ್ಲ ಸರ್, ಶುಲ್ಕದಲ್ಲಿ ಅರ್ಧ ಬಿಡುತ್ತೇವೆ ಎಂದಳು. ಯಜಮಾನರು ಬೇಡಮ್ಮ ಎಂದರು. ಹಾಗಾದರೆ ಪೂರ್ತಿ ಬಿಡುತ್ತೇವೆ ಎಂದಳು. ಇವರು ಇನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲಿ, ಜೊತೆಗೆ ಎರಡು ಸಾವಿರ ಪಾಯಿಂಟ್ ಕೂಡ ಇವತ್ತೇ ಹಾಕುತ್ತೇನೆ ಸರ್ ಎಂದಳು. ಐದು ಸಾವಿರದ ಒಂಬೈನೂರು, ಎರಡು ನಿಮಿಷದಲ್ಲಿ ಹೊಗೆಯ ಹಾಗೆ ಹೋಯಿತು. ವಾರವಿಡೀ ಕಂಬದ ಪಕ್ಕ ನಿಂತು, ಕಾವಲಿನವನ ಕೈಲಿ ಮೊಳಕೈ ಹಿಡಿಸಿಕೊಂಡವರಿಗೆ ಬೇಕಾಗಿದ್ದದ್ದು ಒಂದು ಫೋನು, ಒಂದು ಬೆದರಿಕೆ.

ಹಲ್ಲಕ್ಕನ ಮೈಯಲ್ಲಿ ಏನೋ ಚುರುಕಾಯಿತು. ಶುಲ್ಕವಿಲ್ಲ. ಇದ್ದ ನಾಲ್ಕು ಸಾವಿರಕ್ಕೆ ಇನ್ನೆರಡು ಸೇರಿ ಆರು ಸಾವಿರ ಪಾಯಿಂಟು. ಒಂದೂವರೆ ಸಾವಿರದ ಸಾಮಾನು. ಕಾರ್ಡು ಬಂದಾದರೆ ಇರುವ ಪಾಯಿಂಟೂ ಸತ್ತುಹೋಗುತ್ತದೆ ಎಂದು ಮೂವತ್ತೊಂದನೇ ಪುಟದಲ್ಲಿ ಅವಳೇ ಓದಿದ್ದಳು. ಮೇಜಿನ ಮೇಲೆ ಬಾಗಿ, ದನಿಯಿಲ್ಲದೆ ತುಟಿಯಲ್ಲೇ ‘ತಗೊಳ್ಳಿ, ತಗೊಳ್ಳಿ’ ಎಂದು ಕೈ ಆಡಿಸಿದಳು. ಯಜಮಾನರು ಫೋನನ್ನೇ ನೋಡುತ್ತಿದ್ದರು.

“ಒಂದು ಮಾತು ಕೇಳ್ಲಾ ಅಮ್ಮಾ? ಶುಲ್ಕ ಬಿಡೋದು ನಿಮಗಿಷ್ಟು ಸುಲಭ ಅಂದ್ರೆ, ಮೊದ್ಲೇ ಯಾಕೆ ಹೇಳ್ಲಿಲ್ಲ?”

“ಕೇಳಿದವರಿಗೆ ಮಾತ್ರ ಸರ್” ಎಂದಳು ಹುಡುಗಿ. ಪಾಪ, ಸುಳ್ಳು ಹೇಳಲು ಅವಳಿಗೆ ಯಾರೂ ಬರೆದುಕೊಟ್ಟಿರಲಿಲ್ಲವೋ ಏನೋ.

“ಸರಿ. ಬಂದ್ ಮಾಡಿ.”

“ಸರ್, ಈಗ ಪೂರ್ತಿ ಉಚಿತ ಸರ್...”

“ಗೊತ್ತಾಯ್ತಮ್ಮ. ಉಚಿತಾನೂ ಬೇಡ. ಬಂದ್ ಮಾಡಿ.”

ದನಿ ಏರಲಿಲ್ಲ. ಬೆಲ್ಟಿನ ಗುಂಡಿ ಒತ್ತಿ ನಿಲ್ಲಿಸಿದವರ ಹಾಗೆ ಅಷ್ಟೇ ನೇರವಾಗಿ ಹೇಳಿದರು. ಹುಡುಗಿ ಏನೇನೋ ನಂಬರು ಕೇಳಿದಳು, ಇವರು ಕಾರ್ಡು ನೋಡಿ ಓದಿ ಹೇಳಿದರು. ಆಮೇಲೆ ಅಡುಗೆಮನೆಯಿಂದ ಕತ್ತರಿ ತಂದು ಕಾರ್ಡನ್ನು ನಾಲ್ಕು ತುಂಡು ಮಾಡಿ, ಕಸದ ಬುಟ್ಟಿಗೆ ಹಾಕಿ, ತರಕಾರಿ ತರುತ್ತೇನೆ ಎಂದು ಚೀಲ ಹಿಡಿದು ಕೆಳಗಿಳಿದರು. ಗಾಡಿಯವನು ಇನ್ನೂ ಬೀದಿಯ ಕೊನೆಯಲ್ಲೇ ನಿಲ್ಲುತ್ತಿದ್ದ.

ಹಲ್ಲಕ್ಕ ಒಬ್ಬಳೇ ಕೂತಳು. ಎಷ್ಟೋ ವರ್ಷದಿಂದ ಬೆನ್ನುಮೂಳೆಯಿಲ್ಲ ಎಂದುಕೊಂಡಿದ್ದವರು ಎದ್ದು ಹೋಗಿದ್ದರು. ಪುಕ್ಕಟೆ ಎಂದರೆ ಉಗಿಯುತ್ತಿದ್ದವಳ ಕೈ ಇನ್ನೂ ಮೇಜಿನ ಮೇಲೆ, ಅರ್ಧ ಆಡಿಸಿದ ಹಾಗೆಯೇ ಇತ್ತು. ಅವಳು ಅದನ್ನು ಮಡಿಲಿಗೆ ಎಳೆದುಕೊಂಡಳು.

ಮುಂದಿನ ತಿಂಗಳಿಂದ ಯಜಮಾನರು ಅವಳ ಕೆಲಸದ ಕೋಣೆಗೆ ಬರತೊಡಗಿದರು. ಹೊಳಪು ಕೊಡುವ ಯಂತ್ರದ ಮೋಟಾರು ಗುರುಗುಡುವುದನ್ನು ಸರಿ ಮಾಡಲೆಂದು ಬಂದವರು ಪ್ಲಾಸ್ಟರ್ ಕಲಸಲು ಕೂತರು. ಕೈ ನಿಧಾನ, ಆದರೆ ಅಳತೆ ತಪ್ಪುತ್ತಿರಲಿಲ್ಲ. ಅವಳು ಮೊದಲ ವಾರ ದಿನಕ್ಕೆ ಹತ್ತು ಸಲ ತಪ್ಪು ಹುಡುಕಿದಳು. ಎರಡನೇ ವಾರ ಐದು ಸಲ. ಬ್ಯಾಂಕಿನಿಂದ ಹೊಸ ಹೊಸ ಹುಡುಗಿಯರು ಫೋನು ಮಾಡುತ್ತಲೇ ಇದ್ದರು. ಯಜಮಾನರು ಪ್ರತಿಯೊಬ್ಬಳಿಗೂ ಊಟ ಆಯಿತಾ ಅಮ್ಮ ಎಂದು ಕೇಳಿ, ಬೇಡ ಎಂದು ಹೇಳಿ ಇಡುತ್ತಿದ್ದರು. ಮಾರುವವರ ಊಟ ವಿಚಾರಿಸುವ ಈ ಮರ್ಯಾದೆಯನ್ನೂ ಅವಳಿಗೆ ಸಹಿಸಲಾಗುತ್ತಿರಲಿಲ್ಲ. ನಾದಿನಿಯ ಐನೂರು ಬರಲಿಲ್ಲ.

ಒಂದು ದಿನ ದಂತವೈದ್ಯರೇ ಮೆಟ್ಟಿಲು ಹತ್ತಿ ಬಂದರು. ಅವಸರದ ಒಂದು ಸೆಟ್ಟಿತ್ತು. ಅದು ಪೊಟ್ಟಣವಾಗುವವರೆಗೆ ಸ್ಟೂಲಿನ ಮೇಲೆ ಕೂತು ತಮ್ಮ ಕಷ್ಟ ತೋಡಿಕೊಂಡರು. ಅವರ ಕಾರ್ಡಿಗೆ ವರ್ಷಕ್ಕೆ ಹತ್ತು ಸಾವಿರ ಶುಲ್ಕವಂತೆ. ಇಟ್ಟುಕೊಳ್ಳುವುದೋ ಬಿಡುವುದೋ ತಿಳಿಯುತ್ತಿಲ್ಲವಂತೆ.

“ಕಿರುಪುಸ್ತಕ ಓದಿದ್ದೀರಾ?” ಎಂದಳು ಹಲ್ಲಕ್ಕ.

ಅಷ್ಟೆಲ್ಲ ಯಾರು ಓದುತ್ತಾರೆ ಅಕ್ಕ ಎಂದು ವೈದ್ಯರು ನಕ್ಕರು. ಅವಳಿಗೆ ಇನ್ನೇನು ಬೇಕಿತ್ತು? ಪಾಯಿಂಟಿನ ಬೆಲೆಯಿಂದ ಹಿಡಿದು ಇಪ್ಪತ್ತೇಳನೇ ಪುಟದವರೆಗೆ ಬಿಡಿಸಿ ಬಿಡಿಸಿ ಹೇಳಿದಳು. ಶುಲ್ಕವೆಂದರೆ ದಡ್ಡರಿಗೆ ಹಾಕುವ ದಂಡ, ಕಾರ್ಡು ಬಿಡುತ್ತೇನೆ ಎಂದು ಹೆದರಿಸಿದವರ ಕಾಲಿಗೆ ಬ್ಯಾಂಕಿನವರೇ ಬೀಳುತ್ತಾರೆ ಎಂದಳು. ವೈದ್ಯರ ಮುಖ ಸಣ್ಣಗಾದಷ್ಟೂ ಅವಳ ದನಿ ದಪ್ಪಗಾಯಿತು. ಕೊನೆಗೆ ಪೊಟ್ಟಣ ಅವರ ಕೈಗಿಡುತ್ತ, “ನಮಗೂ ಪುಕ್ಕಟೆ ಕೊಡ್ತೀವಿ ಅಂತ ಗೋಗರೆದ್ರು. ಉಚಿತಾನೂ ಬೇಡ ಅಂತ ಮುಖದ ಮೇಲೆ ಹೊಡೆದ ಹಾಗೆ ಹೇಳಿದ್ವಿ ನಾವು” ಎಂದಳು.

ವೈದ್ಯರು ತಲೆದೂಗಿ ಮೆಟ್ಟಿಲಿಳಿದು ಹೋದರು. ಮೂಲೆಯಲ್ಲಿ ಯಜಮಾನರು ಒಂದು ಅಚ್ಚಿಗೆ ಪ್ಲಾಸ್ಟರ್ ಸುರಿದು ಮೆಲ್ಲಗೆ ತಟ್ಟುತ್ತಿದ್ದರು. ತಟ್ಟುವುದು ನಿಲ್ಲಿಸದೆಯೇ ಮಾತಾಡಿದರು.

“ಆವತ್ತು ನೀನು ಕೈ ಆಡಿಸಿದ್ದನ್ನ ನಾನು ನೋಡಿದೀನಿ.”

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಮತ್ತೆ ಹಾಕಿಕೊಂಡಳು. ಅವರ ಬಳಿಗೆ ಹೋಗಿ ಅಚ್ಚಿನ ಮೇಲೆ ಬಗ್ಗಿ ನೋಡಿದಳು. ಪ್ಲಾಸ್ಟರ್ ಮೊಸರಿನ ಹಾಗೆ ನುಣ್ಣಗೆ ಕೂತಿತ್ತು.

“ಗುಳ್ಳೆ ಬಂದಿದೆ ನೋಡಿ. ಇನ್ನೊಂದ್ಸಲ ಸುರೀರಿ” ಎಂದಳು.

ಯಜಮಾನರು ಅಚ್ಚನ್ನು ಬೆಳಕಿಗೆ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದರು. ಅದನ್ನು ಒಣಗಲು ಇಟ್ಟು, ಮುಂದಿನ ಅಚ್ಚನ್ನು ಕೈಗೆತ್ತಿಕೊಂಡರು.